ವಿಮಾನಕ್ಕೆ ದಾರಿ ತೋರುವ ಗಣಕಯಂತ್ರವೂ ಅದರಿಂದಾದ ತಪ್ಪುಗಳೂ

ನೆಲದ ಮೇಲೆ ಪ್ರಯಾಣ ಮಾಡುವವನಿಗೆ ದಾರಿಯನ್ನು ತಿಳಿದುಕೊಳ್ಳುವುದಕ್ಕೆ ಅನೇಕ ಸಾಧನಗಳುಂಟು. ರಸ್ತೆಯ ಬದಿಯಲ್ಲಿ ಮೈಲಿಗಲ್ಲುಗಳಿರುವುವು, ಕವಲುದಾರಿಯಲ್ಲಿ ಕೈಮರವಿರುವುದು, ಇವೆರಡೂ ಇಲ್ಲದಿದ್ದರೆ ಎದುರಿಗೆ ಬಂದವರನ್ನು ಕೇಳಬಹುದು. ಸಮುದ್ರದ ಮೇಲೆ ಹೋಗುವ ನಾವಿಕನಿಗೆ ಇಷ್ಟು ಅನುಕೂಲವಿಲ್ಲದಿದ್ದರೂ ದಿಕ್ಸೂಚಿಯೂ ನಕ್ಷತ್ರಗಳೂ ತೀರದ ದೀಪಸ್ತಂಭಗಳೂ ನೆರವಾಗುವುವು; ತೀರದ ಬಳಿಯಲ್ಲಿ ಸಂದೇಹ ಬಂದರೆ ಲಂಗರು ಹಾಕಿ ಬೆಳಗಾಗುವ ತನಕ ಕಾದಿರಬಹುದು. ವಿಮಾನಕ್ಕಾದರೋ ಈ ಸ್ವಾತಂತ್ರ್ಯವಿಲ್ಲ. ನೆಲದಿಂದ ಆರೇಳು ಮೈಲಿ ಎತ್ತರದಲ್ಲಿ ಗಂಟೆಗೆ ಐನೂರು ಮೈಲಿಗಳಿಗೂ ಹೆಚ್ಚಿನ ವೇಗದಿಂದ ಓಡುವ ಈ ವಾಹನವು ನಡುದಾರಿಯಲ್ಲಿ ನಿಲ್ಲಲಾರದು. ಕೆಳಗೆ ಮೋಡವಿರಬಹುದು, ಕತ್ತಲೆಯಿರಬಹುದು. ಹೀಗಿದ್ದರೂ ಪ್ರತಿದಿನವೂ ಲಕ್ಷಾಂತರ ಜನರು ವಿಮಾನಗಳಲ್ಲಿ ಕುಳಿತು, ತಾವು ಬಯಸಿದ ಪಟ್ಟಣವನ್ನೇ ಸುಖವಾಗಿ ಸೇರುತ್ತಾರೆ. ಇದು ಹೇಗೆ ಸಾಧ್ಯವಾಗಿದೆ, ಮತ್ತು ಎಂದಾದರೊಮ್ಮೆ ಇದು ಏಕೆ ತಪ್ಪುತ್ತದೆ ಎಂಬುದನ್ನು ನಮ್ಮ ಶಾಲೆಯ ಸೋದರಿಯರಿಗೆ ಈ ಲೇಖನದಲ್ಲಿ ವಿವರಿಸಬಯಸುತ್ತೇವೆ.

ಮೊದಲಿನ ಕಾಲದಲ್ಲಿ ದೂರಪ್ರಯಾಣದ ವಿಮಾನಗಳಲ್ಲಿ ಚಾಲಕರಲ್ಲದೆ ದಾರಿಯನ್ನು ಲೆಕ್ಕಹಾಕುವುದಕ್ಕಾಗಿಯೇ ಬೇರೊಬ್ಬ ಅಧಿಕಾರಿಯಿರುತ್ತಿದ್ದನು. ಅವನು ಸೂರ್ಯನನ್ನೂ ನಕ್ಷತ್ರಗಳನ್ನೂ ಸೆಕ್ಸ್‌ಟೆಂಟ್ ಎಂಬ ಉಪಕರಣದಿಂದ ನೋಡಿ, ಅವುಗಳ ಎತ್ತರವನ್ನು ಅಳೆದು, ಕಾಗದದ ಮೇಲೆ ಗಣಿತ ಮಾಡಿ, ವಿಮಾನವು ಇಂಥ ಅಕ್ಷಾಂಶ ರೇಖಾಂಶಗಳಲ್ಲಿದೆಯೆಂದು ಗೊತ್ತುಮಾಡುತ್ತಿದ್ದನು. ಕಾಲಕ್ರಮದಲ್ಲಿ ಈ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ವಿಮಾನದೊಳಗೆ ಅತಿ ಸೂಕ್ಷ್ಮವಾದ ಉಪಕರಣಗಳನ್ನಿಟ್ಟರೆ, ವಿಮಾನವು ಯಾವ ಕಡೆಗೆ ತಿರುಗಿತು, ಎಷ್ಟು ವೇಗ ಹೆಚ್ಚಿತು, ಎಷ್ಟು ಕಡಿಮೆಯಾಯಿತು ಎಂಬುದನ್ನು ಕ್ಷಣಕ್ಷಣಕ್ಕೂ ಅವು ಅಳೆಯುತ್ತವೆ. ಈ ಅಳತೆಗಳನ್ನು ಕೂಡಿಸುತ್ತ ಹೋದರೆ ಹೊರಟ ಸ್ಥಳದಿಂದ ಎಷ್ಟು ದೂರ, ಯಾವ ದಿಕ್ಕಿಗೆ ಬಂದೆವೆಂಬುದು ತಿಳಿಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯೊಬ್ಬಳು ಶಾಲೆಯ ಬಾಗಿಲಿನಿಂದ ಹೆಜ್ಜೆಗಳನ್ನೆಣಿಸುತ್ತ, ಎಡಬಲಗಳನ್ನು ನೆನಪಿನಲ್ಲಿಟ್ಟುಕೊಂಡು ಬಾವಿಯ ಕಟ್ಟೆಯನ್ನು ಸೇರುವಂತೆ ಇದು. ಆದರೆ ಆಕೆ ಹೊರಟದ್ದು ಯಾವ ಬಾಗಿಲಿನಿಂದ ಎಂಬುದನ್ನು ಮೊದಲು ಯಾರಾದರೂ ಸರಿಯಾಗಿ ಹೇಳಿರಬೇಕು. ಬಾಗಿಲೇ ತಪ್ಪಾದರೆ ಹೆಜ್ಜೆಗಳ ಲೆಕ್ಕವೆಲ್ಲ ಸರಿಯಾಗಿದ್ದರೂ ಆಕೆ ಸೇರುವ ಸ್ಥಳ ತಪ್ಪಾಗುವುದಷ್ಟೆ.

೧೯೮೦ರ ದಶಕದ ಆರಂಭದಲ್ಲಿ ಬೋಯಿಂಗ್ ೭೬೭, ಬೋಯಿಂಗ್ ೭೫೭ ಎಂಬ ವಿಮಾನಗಳು ಸಂಚಾರಕ್ಕೆ ಬಂದಾಗ ಈ ಸಾಧನಗಳನ್ನೆಲ್ಲ ಒಂದೇ ಕಡೆ ಸೇರಿಸಿ ನಡೆಸುವ ಗಣಕಯಂತ್ರವು ಅವುಗಳಲ್ಲಿತ್ತು. ಇದಕ್ಕೆ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್ ಎಂದು ಹೆಸರು. ಚಾಲಕರಿಬ್ಬರ ನಡುವೆ ಅಕ್ಷರಗಳೂ ಅಂಕೆಗಳೂ ಉಳ್ಳ ಚಿಕ್ಕ ಕೀಲಿಮಣೆಯೂ ಅದರ ಮೇಲೆ ಸಣ್ಣದೊಂದು ತೆರೆಯೂ ಇರುತ್ತವೆ. ವಿಮಾನನಿಲ್ದಾಣಗಳು, ಆಕಾಶಮಾರ್ಗದ ಗುರುತಿನ ಸ್ಥಳಗಳು, ರೇಡಿಯೋ ಬೀಕನ್ ಎಂಬ ಸಂಕೇತಸ್ತಂಭಗಳು, ಇವೆಲ್ಲದರ ಹೆಸರುಗಳೂ ಅಕ್ಷಾಂಶ ರೇಖಾಂಶಗಳೂ ಯಂತ್ರದ ಸ್ಮರಣೆಯಲ್ಲಿ ತುಂಬಿರುತ್ತವೆ. ೨೮ ದಿನಗಳಿಗೊಮ್ಮೆ ಅವನ್ನು ಹೊಸದಾಗಿ ತಿದ್ದಿ ತುಂಬುತ್ತಾರೆ. ಚಾಲಕನು ಹೊರಡುವ ಮೊದಲು ತಾನಿರುವ ಸ್ಥಳ, ದಾರಿಯಲ್ಲಿ ದಾಟಬೇಕಾದ ಸ್ಥಳಗಳು, ಕೊನೆಗೆ ಸೇರಬೇಕಾದ ಸ್ಥಳ, ಈ ಮೂರನ್ನೂ ಯಂತ್ರಕ್ಕೆ ತಿಳಿಸುತ್ತಾನೆ. ಕೂಡಲೆ ಎದುರಿನ ನಕ್ಷೆಯ ಮೇಲೆ ಒಂದು ಬಣ್ಣದ ಗೆರೆ ಮೂಡುತ್ತದೆ. ಆಟೋಪೈಲಟ್ ಎಂಬ ಸ್ವಯಂಚಾಲಕವು ಆ ಗೆರೆಯನ್ನು ಹಿಡಿದು ವಿಮಾನವನ್ನು ನಡೆಸುತ್ತದೆ.

ಈ ಯಂತ್ರವು ಲೆಕ್ಕದಲ್ಲಿ ತಪ್ಪುವುದು ಬಹು ಅಪರೂಪ. ಅದರ ಕೊರತೆಯು ಬೇರೆ. ತನಗೆ ಹೇಳಿದುದನ್ನು ಅದು ಬಲ್ಲದು. ಹೇಳಿದವರು ಮನಸ್ಸಿನಲ್ಲಿ ಏನನ್ನು ಎಣಿಸಿದ್ದರೆಂಬುದನ್ನು ಅರಿಯದು. ಮೇಲೆ ಹೇಳಿದ ಮೂರು ವಿಷಯಗಳಲ್ಲಿ ಒಂದೊಂದು ತಪ್ಪಿದರೂ ಏನಾಗುವುದೆಂಬುದಕ್ಕೆ ಒಂದೊಂದು ಉದಾಹರಣೆಯನ್ನು ಕೊಡುತ್ತೇವೆ.

ಮೊದಲನೆಯದು, ಹೊರಡುವ ಸ್ಥಳವು ತಪ್ಪಿದುದು. ೨೦೧೫ನೆಯ ಇಸವಿ ಮಾರ್ಚ್ ೧೦ರಂದು ಏರ್‌ಏಷ್ಯಾ ಎಕ್ಸ್ ಎಂಬ ಸಂಸ್ಥೆಯ ಏರ್‌ಬಸ್ ವಿಮಾನವೊಂದು ಆಸ್ಟ್ರೇಲಿಯಾದ ಸಿಡ್ನಿ ಪಟ್ಟಣದಿಂದ ಮಲೇಷ್ಯಾದ ಕೌಲಾಲಂಪುರಕ್ಕೆ ಹೊರಡಬೇಕಾಗಿತ್ತು. ವಿಮಾನವು ನಿಂತಿದ್ದ ಸ್ಥಳದ ರೇಖಾಂಶವು ಪೂರ್ವಕ್ಕೆ ೧೫೧ ಡಿಗ್ರಿ ೯.೮ ಮಿನಿಟು. ಯಂತ್ರದ ಪದ್ಧತಿಯಂತೆ ಮೊದಲ ಮೂರು ಅಂಕೆಗಳು ಡಿಗ್ರಿಗಳು, ಮಿಕ್ಕವು ಮಿನಿಟುಗಳು. ಆದುದರಿಂದ ಇದನ್ನು ೧೫೧೦೯.೮ ಎಂದು ಒತ್ತಬೇಕು. ಕ್ಯಾಪ್ಟನನು ೦೧೫೧೯.೮ ಎಂದು ಒತ್ತಿದನು. ಸೊನ್ನೆಯೊಂದು ತನ್ನ ಮನೆಯನ್ನು ಬಿಟ್ಟು ಮುಂದಕ್ಕೆ ಬಂದಿತು. ೧೫೧ ಡಿಗ್ರಿಯು ೧೫ ಡಿಗ್ರಿಯಾಯಿತು. ವಿಮಾನವು ಸಿಡ್ನಿಯಲ್ಲಿ ನಿಂತಿದ್ದರೂ, ತಾನು ಆಫ್ರಿಕಾ ಖಂಡದ ದಕ್ಷಿಣ ತುದಿಯ ಪಶ್ಚಿಮದ ಸಮುದ್ರದಲ್ಲಿ, ಅಲ್ಲಿಂದ ೧೧,೦೦೦ ಕಿಲೋಮೀಟರುಗಳಿಗೂ ಹೆಚ್ಚು ದೂರದಲ್ಲಿರುವುದಾಗಿ ಯಂತ್ರವು ತಿಳಿದುಕೊಂಡಿತು.

ಈ ತಪ್ಪನ್ನು ಕಂಡುಹಿಡಿಯುವುದಕ್ಕೆ ಹಾರುವ ಮೊದಲೇ ಹಲವು ಅವಕಾಶಗಳಿದ್ದವು. ಒಂದನ್ನೂ ಚಾಲಕರು ಗಮನಿಸಲಿಲ್ಲ. ನೆಲವನ್ನು ಬಿಟ್ಟು ಸ್ವಯಂಚಾಲಕವನ್ನು ಹೂಡಿದೊಡನೆ ವಿಮಾನವು ನೇರವಾಗಿ ಹೋಗದೆ ಎಡಕ್ಕೆ, ಪಕ್ಕದ ಓಡುದಾರಿಯಿಂದ ಬೇರೆ ವಿಮಾನಗಳು ಏರುವ ಕಡೆಗೆ ತಿರುಗಿತು. ಚಾಲಕರು ಆಕಾಶದಲ್ಲಿಯೇ ಯಂತ್ರವನ್ನು ಸರಿಮಾಡುವುದಕ್ಕೆ ಹೋದರು. ಅದರಿಂದ ಕೆಲವು ಉಪಕರಣಗಳು ಮತ್ತಷ್ಟು ಕೆಟ್ಟವು. ಸಿಡ್ನಿಯಲ್ಲಿ ಮೋಡ ಕವಿದು ಹಿಂದಿರುಗುವುದಕ್ಕೂ ಆಗಲಿಲ್ಲ. ಕಡೆಗೆ ಆಕಾಶವು ತಿಳಿಯಾಗಿದ್ದ ಮೆಲ್ಬೋರ್ನ್ ಪಟ್ಟಣಕ್ಕೆ ಹೋಗಿ, ದೇವರ ಕೃಪೆಯಿಂದ ಯಾರಿಗೂ ನೋವಾಗದಂತೆ ಇಳಿದರು. ಅಂಕಗಣಿತದ ಮೊದಲ ತರಗತಿಗಳಲ್ಲಿ ಸ್ಥಾನಬೆಲೆಯ ಪಾಠವನ್ನು ಕಲಿಯುವಾಗ ಇದೇಕೆಂದು ಬೇಸರಪಡುವ ಚಿಕ್ಕ ಸೋದರಿಯರು ಈ ಸೊನ್ನೆಯನ್ನು ನೆನಪಿನಲ್ಲಿಡಬಹುದು.

ಎರಡನೆಯ ಉದಾಹರಣೆಯು ನಡುದಾರಿಯ ಸ್ಥಳವು ತಪ್ಪಿದುದು. ಇದರ ಕಥೆಯು ಬಹು ದುಃಖಕರವಾದುದು. ೧೯೯೫ನೆಯ ಇಸವಿ ಡಿಸೆಂಬರ್ ೨೦ರ ಸಂಜೆ ಅಮೇರಿಕಾ ದೇಶದ ಮಯಾಮಿ ಪಟ್ಟಣದಿಂದ ದಕ್ಷಿಣ ಅಮೇರಿಕಾದ ಕೊಲಂಬಿಯಾ ದೇಶದ ಕಾಲಿ ಪಟ್ಟಣಕ್ಕೆ ಅಮೇರಿಕನ್ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ ೭೫೭ ವಿಮಾನವು ಹೊರಟಿತು. ಒಳಗೆ ೧೬೩ ಜನರಿದ್ದರು. ಅವರಲ್ಲಿ ಅನೇಕರು ಕ್ರಿಸ್ಮಸ್ ಹಬ್ಬಕ್ಕಾಗಿ ಊರಿಗೆ ಮರಳುತ್ತಿದ್ದವರು. ವಿಮಾನವು ಹೊರಟಾಗಲೇ ಸುಮಾರು ಎರಡು ಗಂಟೆ ತಡವಾಗಿತ್ತು. ಕಾಲಿ ಪಟ್ಟಣವು ಉತ್ತರದಕ್ಷಿಣವಾಗಿ ಚಾಚಿದ ಉದ್ದವಾದ ಕಣಿವೆಯಲ್ಲಿದೆ. ಎರಡು ಕಡೆಗಳಲ್ಲಿಯೂ ಆಂಡೀಸ್ ಪರ್ವತಗಳು. ಕತ್ತಲೆಯಾಗಿತ್ತು. ಅಲ್ಲಿನ ನಿಲ್ದಾಣದವರ ಬಳಿ ವಿಮಾನವು ಎಲ್ಲಿದೆಯೆಂದು ನೋಡುವ ರಾಡಾರ್ ಇರಲಿಲ್ಲ.

ಪಟ್ಟಣವನ್ನು ದಾಟಿ ದಕ್ಷಿಣಕ್ಕೆ ಹೋಗಿ ಹಿಂದಿರುಗಿ ಇಳಿಯಬೇಕೆಂದು ಚಾಲಕರು ಮೊದಲು ಸಿದ್ಧರಾಗಿದ್ದರು. ಉತ್ತರದ ಕಡೆಯಿಂದ ನೇರವಾಗಿಯೇ ಇಳಿಯಬಹುದಲ್ಲವೆ ಎಂದು ನಿಲ್ದಾಣದ ಅಧಿಕಾರಿಯು ಕೇಳಿದನು. ತಡವಾದ ಹೊತ್ತು ಸ್ವಲ್ಪ ಉಳಿಯುವುದೆಂದು ಅವರು ಒಪ್ಪಿದರು. ಆದರೆ ಹೀಗೆ ಇಳಿಯುವುದಕ್ಕೆ ಬೇಗಬೇಗನೆ ಕೆಳಕ್ಕೆ ಬರಬೇಕು. ಹೊಸ ನಕ್ಷೆಯನ್ನು ತೆಗೆಯಬೇಕು. ಹೊಸ ದಾರಿಯನ್ನು ಯಂತ್ರಕ್ಕೆ ಹೇಳಬೇಕು. ಗಾಳಿಯನ್ನು ತಡೆದು ವೇಗವನ್ನು ಕುಗ್ಗಿಸುವ ರೆಕ್ಕೆಯ ಮೇಲಿನ ಹಲಗೆಗಳನ್ನು ಎತ್ತಿದರು. ದಾರಿಯಲ್ಲಿ ತುಲುವಾ ಎಂಬ ಸಂಕೇತಸ್ತಂಭವನ್ನು ದಾಟುವಾಗ ತಿಳಿಸಬೇಕೆಂದು ಅಧಿಕಾರಿಯು ಹೇಳಿದ್ದನು. ಚಾಲಕನಾದರೋ ಯಂತ್ರಕ್ಕೆ ನೇರವಾಗಿ ಕಾಲಿಗೆ ಹೋಗೆಂದು ಅಷ್ಟರಲ್ಲೇ ಹೇಳಿಬಿಟ್ಟಿದ್ದನು. ನೇರದಾರಿಯೆಂದೊಡನೆ ಯಂತ್ರವು ನಡುವಿನ ಸ್ಥಳಗಳನ್ನೆಲ್ಲ ಅಳಿಸಿಹಾಕಿತು. ತುಲುವಾ ನಕ್ಷೆಯಿಂದ ಮಾಯವಾಯಿತು. ಅವರು ಅದನ್ನು ಮುಂದೆ ಹುಡುಕುತ್ತಿರುವಾಗ ವಿಮಾನವು ಅದನ್ನು ಹಿಂದೆ ಬಿಟ್ಟು ಬಂದಿತ್ತು.

ಆಗ ಅವರು ಪಟ್ಟಣಕ್ಕೆ ಸಮೀಪವಾಗಿರುವ ರೋಸೋ ಎಂಬ ಮತ್ತೊಂದು ಸಂಕೇತಸ್ತಂಭಕ್ಕೆ ಹೋಗಬೇಕೆಂದೆಣಿಸಿದರು. ಕಾಗದದ ನಕ್ಷೆಯಲ್ಲಿ ರೋಸೋವಿನ ಗುರುತು ಆರ್ ಎಂಬ ಒಂದೇ ಇಂಗ್ಲಿಷ್ ಅಕ್ಷರವಾಗಿತ್ತು. ಚಾಲಕನು ಆ ಅಕ್ಷರವನ್ನು ಒತ್ತಿದನು. ಆ ಗುರುತಿರುವ ಸ್ಥಳಗಳ ಪಟ್ಟಿಯೊಂದು ತೆರೆಯ ಮೇಲೆ ಬಂದಿತು. ಅವನು ಮೊದಲನೆಯದನ್ನು ಆರಿಸಿ ಒಪ್ಪಿಗೆಯ ಗುಂಡಿಯನ್ನು ಒತ್ತಿದನು. ಅದು ರೋಸೋ ಆಗಿರಲಿಲ್ಲ. ನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿ, ರಾಜಧಾನಿಯಾದ ಬೊಗೋಟಾದ ಬಳಿಯಲ್ಲಿರುವ ರೋಮಿಯೋ ಎಂಬ ಸ್ತಂಭವಾಗಿತ್ತು. ಒಂದೇ ದೇಶದ ಈ ಎರಡು ಸ್ತಂಭಗಳಿಗೂ ಗುರುತು ಒಂದೇ ಆಗಿದ್ದಿತು. ಯಂತ್ರದ ಪಟ್ಟಿಯನ್ನು ಸಿದ್ಧಪಡಿಸಿದವರು ಆ ಅಕ್ಷರವನ್ನು ದೊಡ್ಡ ಪಟ್ಟಣದ ರೋಮಿಯೋವಿಗೆ ಕೊಟ್ಟು, ರೋಸೋ ಬೇಕಾದವರು ಅದರ ಹೆಸರನ್ನು ಪೂರ್ಣವಾಗಿ ಬರೆಯಬೇಕೆಂದು ಏರ್ಪಡಿಸಿದ್ದರು. ಕಾಗದದ ನಕ್ಷೆಯೂ ಯಂತ್ರದ ಸ್ಮರಣೆಯೂ ಹೀಗೆ ಬೇರೆಬೇರೆಯಾಗಿರುವುದನ್ನು ಆ ಚಾಲಕರು ತಿಳಿದಿರಲಿಲ್ಲ. ನಮ್ಮ ನಾಡಿನಲ್ಲಿ ಹೊಸಹಳ್ಳಿಯೆಂಬ ಊರುಗಳು ಎಷ್ಟೋ ಇವೆ. ತಾಲೂಕನ್ನೂ ಜಿಲ್ಲೆಯನ್ನೂ ಬರೆಯದೆ ಹೊಸಹಳ್ಳಿಯೆಂದಷ್ಟೇ ಬರೆದು ಕಾಗದವನ್ನು ಅಂಚೆಗೆ ಹಾಕಿದರೆ ಅದು ಯಾವ ಹೊಸಹಳ್ಳಿಗೆ ಹೋಗುವುದೋ ಹೇಳಲಾಗದು. ಆದರೂ ಅಂಚೆಯವನು ಸಂದೇಹಪಟ್ಟು ಕಾಗದವನ್ನು ಹಿಂದಕ್ಕೆ ಕಳುಹಿಸಬಹುದು. ಯಂತ್ರಕ್ಕೆ ಸಂದೇಹವೆಂಬುದಿಲ್ಲ.

ವಿಮಾನವು ಎಡಕ್ಕೆ ತಿರುಗಿ ಕಣಿವೆಯನ್ನು ಬಿಟ್ಟು ಪೂರ್ವದ ಪರ್ವತಗಳ ಕಡೆಗೆ ಹೊರಟಿತು. ಇಳಿಯುವುದೂ ನಡೆದೇ ಇತ್ತು. ಒಬ್ಬರು ದಾರಿಯನ್ನು ಬದಲಿಸಿದಾಗ ಇನ್ನೊಬ್ಬರು ಅದನ್ನು ನೋಡಿ ಸರಿಯೆಂದ ಮೇಲೆ ಮಾತ್ರವೇ ಒಪ್ಪಿಗೆಯ ಗುಂಡಿಯನ್ನು ಒತ್ತಬೇಕೆಂಬ ನಿಯಮವಿದ್ದರೂ ಆ ಅವಸರದಲ್ಲಿ ಅದು ನಡೆಯಲಿಲ್ಲ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹೀಗೆ ಕಳೆಯಿತು. ತರುವಾಯ ಏನೋ ತಪ್ಪಾಗಿದೆಯೆಂದು ತೋರಿ, ತಾವು ಎಲ್ಲಿದ್ದೇವೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಬಲಕ್ಕೆ ತಿರುಗಿ ಕಣಿವೆಗೆ ಮರಳಲು ಹೊರಟರು. ಆದರೆ ಇಳಿಯುವುದನ್ನು ನಿಲ್ಲಿಸಲಿಲ್ಲ. ಅವರಿಗೂ ಕಣಿವೆಗೂ ನಡುವೆ ಈಗ ಬೆಟ್ಟವಿತ್ತು. ನೆಲವು ಹತ್ತಿರವಾಯಿತೆಂದು ಎಚ್ಚರಿಸುವ ಉಪಕರಣವು ಕೂಗಿದಾಗ ಉಳಿದದ್ದು ಕೆಲವೇ ಸೆಕೆಂಡುಗಳು. ಚಾಲಕರು ಪೂರ್ಣ ಬಲವನ್ನು ಕೊಟ್ಟು ವಿಮಾನವನ್ನು ಮೇಲಕ್ಕೆತ್ತಿದರು. ರೆಕ್ಕೆಯ ಮೇಲಿನ ಹಲಗೆಗಳನ್ನು ಮಡಿಸುವುದಕ್ಕೆ ಮರೆತರು. ಬೂಗಾ ಎಂಬ ಊರಿನ ಸಮೀಪದ ಬೆಟ್ಟದ ನೆತ್ತಿಯ ಬಳಿ ವಿಮಾನವು ಬಡಿಯಿತು. ೧೫೯ ಜನರು ಮಡಿದರು. ನಾಲ್ವರು ಮಾತ್ರ ಬದುಕಿದರು.

ತಪ್ಪು ಯಾರದು? ೨೦೦೦ನೆಯ ಇಸವಿಯಲ್ಲಿ ಮಯಾಮಿಯ ನ್ಯಾಯಾಲಯದ ಜ್ಯೂರಿಯವರು ನೂರು ಪಾಲುಗಳಲ್ಲಿ ೭೫ ಪಾಲನ್ನು ವಿಮಾನಸಂಸ್ಥೆಯ ಮೇಲೂ, ೧೭ ಪಾಲನ್ನು ಸ್ಥಳಗಳ ಪಟ್ಟಿಯನ್ನು ಸಿದ್ಧಪಡಿಸಿದ ಜೆಪ್ಪೆಸೆನ್ ಸಂಸ್ಥೆಯ ಮೇಲೂ, ೮ ಪಾಲನ್ನು ಯಂತ್ರವನ್ನು ಮಾಡಿದ ಹನಿವೆಲ್ ಸಂಸ್ಥೆಯ ಮೇಲೂ ಹೊರಿಸಿದರು. ಗುಂಡಿಯನ್ನು ಒತ್ತಿದ ಕೈಯೊಂದೇ ಆದರೂ, ಆ ಕೈಯ ಮುಂದೆ ತಪ್ಪನ್ನು ಇಟ್ಟವರು ಬೇರೆಯವರೂ ಇರಬಹುದೆಂಬುದು ಇದರಿಂದ ತಿಳಿಯುತ್ತದೆ.

ಮೂರನೆಯ ಉದಾಹರಣೆಯಲ್ಲಿ ಇದು ಇನ್ನೂ ಸ್ಪಷ್ಟವಾಗುವುದು. ಇಲ್ಲಿ ತಪ್ಪಿದುದು ಸೇರುವ ಸ್ಥಳ. ಇದು ನಡೆದದ್ದು ಈಗಿನ ಮಾದರಿಯ ಗಣಕಯಂತ್ರಗಳು ಬರುವುದಕ್ಕೆ ಮುಂಚೆ, ೧೯೭೯ನೆಯ ಇಸವಿ ನವೆಂಬರ್ ೨೮ರಂದು. ಆದರೂ ಆ ವಿಮಾನದಲ್ಲಿ ದಾರಿಯ ಸ್ಥಳಗಳನ್ನು ತುಂಬಿಕೊಂಡು ಅವುಗಳಂತೆಯೇ ನಡೆಸುವ ಯಂತ್ರವಿತ್ತು. ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ಪಟ್ಟಣದಿಂದ ಅಂಟಾರ್ಕ್ಟಿಕ ಖಂಡದ ಹಿಮರಾಶಿಯನ್ನು ಮೇಲಿನಿಂದ ನೋಡಿಬರುವುದಕ್ಕಾಗಿ ಪ್ರಯಾಣಿಕರನ್ನು ಕರೆದೊಯ್ಯುವ ಏರ್ ನ್ಯೂಜಿಲೆಂಡ್ ವಿಮಾನವದು. ಕ್ಯಾಪ್ಟನ್ ಕಾಲಿನ್ಸ್ ಎಂಬವನು ಕೆಲವು ದಿನಗಳ ಮೊದಲು ಸಂಸ್ಥೆಯವರು ತೋರಿಸಿದ ದಾರಿಯನ್ನು ನೋಡಿಕೊಂಡಿದ್ದನು. ಅದು ಹಿಮಗಟ್ಟಿದ ಸಮತಟ್ಟಾದ ಸಮುದ್ರಭಾಗದ ಮೇಲೆ ಹೋಗುತ್ತಿತ್ತು. ವಾಸ್ತವವಾಗಿ ಆ ದಾರಿಯ ಕೊನೆಯ ಸ್ಥಳದ ರೇಖಾಂಶದಲ್ಲಿ ಬಹುದಿನಗಳಿಂದ ಒಂದು ಅಂಕೆಯ ತಪ್ಪಿತ್ತು. ಸಂಸ್ಥೆಯವರಿಗೆ ಅದು ತಿಳಿದು, ವಿಮಾನವು ಹೊರಡುವುದಕ್ಕೆ ಕೆಲವು ಗಂಟೆಗಳ ಮುಂಚೆ ಅದನ್ನು ನೆಲದ ಗಣಕಯಂತ್ರದಲ್ಲಿ ತಿದ್ದಿದರು. ಚಾಲಕರಿಗೆ ಮಾತ್ರ ಹೇಳಲಿಲ್ಲ.

ತಿದ್ದಿದ ದಾರಿಯು ಮೊದಲಿನ ದಾರಿಗಿಂತ ಇಪ್ಪತ್ತೈದು ಮೈಲಿಗಳಿಗೂ ಹೆಚ್ಚು ಪೂರ್ವಕ್ಕೆ ಸರಿದು, ೩,೭೯೪ ಮೀಟರ್ ಎತ್ತರವಾದ ಎರೆಬಸ್ ಎಂಬ ಅಗ್ನಿಪರ್ವತದ ಮೇಲೆ ಹೋಗುತ್ತಿತ್ತು. ಬೆಳಿಗ್ಗೆ ತಮಗೆ ಕೊಟ್ಟ ಅಂಕೆಗಳನ್ನು ಚಾಲಕರು ಯಂತ್ರದಲ್ಲಿ ಸರಿಯಾಗಿಯೇ ತುಂಬಿದರು. ಸಮುದ್ರದ ಮೇಲೆಯೇ ಹೋಗುತ್ತಿದ್ದೇವೆಂಬ ನಂಬಿಕೆಯಿಂದ ನೋಟವನ್ನು ತೋರಿಸುವುದಕ್ಕಾಗಿ ಕೆಳಗಿಳಿದರು. ಮೇಲೆ ಬಿಳಿಯ ಮೋಡ, ಕೆಳಗೆ ಬಿಳಿಯ ಹಿಮ. ಇವೆರಡರ ನಡುವೆ ಬೆಟ್ಟದ ಇಳಿಜಾರು ಕಣ್ಣಿಗೆ ಬೇರೆಯಾಗಿ ಕಾಣಲಿಲ್ಲ. ೨೫೭ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಮೊದಲ ವಿಚಾರಣೆಯಲ್ಲಿ ಚಾಲಕರದೇ ತಪ್ಪೆಂದು ಹೇಳಲಾಯಿತು. ೧೯೮೧ರಲ್ಲಿ ನ್ಯಾಯಮೂರ್ತಿ ಪೀಟರ್ ಮಾಹೋನ್ ಅವರು ನಡೆಸಿದ ರಾಜ ಆಯೋಗದ ವಿಚಾರಣೆಯಲ್ಲಿ, ದಾರಿಯನ್ನು ಬದಲಿಸಿ ಚಾಲಕರಿಗೆ ತಿಳಿಸದೆ ಹೋದುದೇ ಮುಖ್ಯ ಕಾರಣವೆಂದು ಗೊತ್ತಾಯಿತು. ದುರಂತವು ನಡೆದು ೪೦ ವರ್ಷಗಳಾದ ಮೇಲೆ, ೨೦೧೯ರಲ್ಲಿ, ಆ ದೇಶದ ಪ್ರಧಾನಮಂತ್ರಿ ಜಸಿಂಡಾ ಆರ್ಡರ್ನ್ ಅವರು ಸರಕಾರದ ಪರವಾಗಿ ಮಡಿದವರ ಕುಟುಂಬಗಳ ಕ್ಷಮೆಯನ್ನು ಕೇಳಿದರು. ತಪ್ಪನ್ನು ತಿದ್ದುವುದು ಒಳ್ಳೆಯದೇ. ತಿದ್ದಿದುದನ್ನು ಅದರ ಮೇಲೆ ಪ್ರಾಣವನ್ನಿಟ್ಟವರಿಗೆ ತಿಳಿಸುವುದು ಅದಕ್ಕಿಂತಲೂ ಅವಶ್ಯಕವೆಂಬುದನ್ನು ಈ ಸಂಗತಿಯು ತೋರಿಸುತ್ತದೆ.

ಈ ದುರಂತಗಳು ಕೇವಲ ಕಣ್ಣೀರಿನಲ್ಲಿ ಮುಗಿಯಲಿಲ್ಲ. ಕಾಲಿಯ ವಿಮಾನದಲ್ಲಿದ್ದ ಎಚ್ಚರಿಕೆಯ ಉಪಕರಣವು ನೇರವಾಗಿ ಕೆಳಗಿನ ನೆಲವನ್ನು ಮಾತ್ರ ಅಳೆಯುತ್ತಿತ್ತು. ಮುಂದಿರುವ ಬೆಟ್ಟವನ್ನು ಅದು ಕಾಣಲಾರದು. ಇದನ್ನು ಸುಧಾರಿಸುವುದಕ್ಕಾಗಿ ಕೆನಡಾದಲ್ಲಿ ಹುಟ್ಟಿದ ಡಾನ್ ಬೇಟ್‌ಮನ್ ಎಂಬ ಎಂಜಿನಿಯರರು ಬಹುಕಾಲ ದುಡಿದರು. ಅವರೂ ಅವರ ಜತೆಯವರೂ ನಿರ್ಮಿಸಿದ ಹೊಸ ಉಪಕರಣದ ಸ್ಮರಣೆಯಲ್ಲಿ ಭೂಮಿಯ ಬೆಟ್ಟಕಣಿವೆಗಳ ಎತ್ತರಗಳೆಲ್ಲ ತುಂಬಿವೆ. ವಿಮಾನವು ಹೋಗುತ್ತಿರುವ ದಿಕ್ಕಿನಲ್ಲಿ ಬೆಟ್ಟವಿದ್ದರೆ ಅದು ಮೊದಲೇ ತೆರೆಯ ಮೇಲೆ ಬಣ್ಣದಿಂದ ತೋರಿಸಿ, ಬಳಿಕ ಕೂಗಿ ಎಚ್ಚರಿಸುತ್ತದೆ. ಇದು ೧೯೯೦ರ ದಶಕದ ಕೊನೆಯಿಂದ ಬಳಕೆಗೆ ಬಂದು ಎಷ್ಟೋ ಪ್ರಾಣಗಳನ್ನು ಉಳಿಸಿದೆ. ಉಪಗ್ರಹಗಳಿಂದ ಬರುವ ಸಂಕೇತಗಳ ಮೂಲಕ ವಿಮಾನವು ತಾನಿರುವ ಸ್ಥಳವನ್ನು ತಾನೇ ತಿಳಿದುಕೊಳ್ಳುವ ಏರ್ಪಾಡೂ ಬಂದಿದೆ. ಹೊರಡುವ ಸ್ಥಳವನ್ನು ಚಾಲಕನು ತಪ್ಪಾಗಿ ಒತ್ತಿದರೆ ಅದನ್ನು ಒಪ್ಪದಿರುವ ಯಂತ್ರಗಳೂ ಈಗ ಉಂಟು. ಸಿಡ್ನಿಯ ವಿಮಾನದಲ್ಲಿ ಅಂಥದು ಇರಲಿಲ್ಲ.

ಹಾಗಾದರೆ ಇನ್ನು ಮನುಷ್ಯನು ನಿಶ್ಚಿಂತನಾಗಿರಬಹುದೆ? ಇರಲಾಗದು. ೨೦೨೩ರಿಂದ ಯುದ್ಧವಿರುವ ಪ್ರದೇಶಗಳ ಸಮೀಪದಲ್ಲಿ, ವಿಶೇಷವಾಗಿ ಪಶ್ಚಿಮ ಏಷ್ಯಾದಲ್ಲಿ, ಯಾರೋ ನೆಲದಿಂದ ಸುಳ್ಳು ಉಪಗ್ರಹಸಂಕೇತಗಳನ್ನು ಕಳುಹಿಸಿ ವಿಮಾನಗಳ ಯಂತ್ರಗಳನ್ನು ದಾರಿತಪ್ಪಿಸಿದ ಸಂಗತಿಗಳು ನಡೆದಿವೆ. ಆ ವರ್ಷದ ನವೆಂಬರಿನಲ್ಲಿ ನಮ್ಮ ಭಾರತದ ವಿಮಾನಯಾನ ಇಲಾಖೆಯವರೂ ಚಾಲಕರಿಗೆ ಈ ವಿಷಯದಲ್ಲಿ ಎಚ್ಚರಿಕೆಯನ್ನು ಕೊಡಬೇಕಾಯಿತು. ಮೊದಲು ಅರಿಯದೆ ತಪ್ಪು ಹೇಳುವವರಿದ್ದರು. ಈಗ ಬೇಕೆಂದೇ ಸುಳ್ಳು ಹೇಳುವವರೂ ಸೇರಿದ್ದಾರೆ. ಯಂತ್ರವು ಇಬ್ಬರನ್ನೂ ಸಮನಾಗಿ ನಂಬುವುದು.

ಆದುದರಿಂದ ಒಳ್ಳೆಯ ಚಾಲಕರು ಈಗ ಅನುಸರಿಸುವ ಪದ್ಧತಿಯು ಬಹು ಸರಳವಾದುದು. ಒಬ್ಬರು ಒತ್ತುತ್ತಾರೆ, ಇನ್ನೊಬ್ಬರು ಕಾಗದವನ್ನು ಹಿಡಿದು ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರೆ. ಒಂದು ಸ್ಥಳದಿಂದ ಮತ್ತೊಂದಕ್ಕೆ ಯಂತ್ರವು ಹೇಳುವ ದೂರವೂ ದಿಕ್ಕೂ ನಕ್ಷೆಯಲ್ಲಿರುವಂತೆಯೇ ಇವೆಯೋ ಎಂದು ಪರೀಕ್ಷಿಸುತ್ತಾರೆ. ಸಹಚಾಲಕನು ವಯಸ್ಸಿನಲ್ಲಿಯೂ ಪದವಿಯಲ್ಲಿಯೂ ಚಿಕ್ಕವನಾದರೂ, ಕ್ಯಾಪ್ಟನನನ್ನು ತಡೆದು ಕೇಳುವುದು ಅವನ ಹಕ್ಕಲ್ಲ, ಕರ್ತವ್ಯ. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಬೆಟ್ಟಗಳ ನಡುವೆ ಇಳಿಯುವಾಗ ತಾವೆಲ್ಲಿದ್ದೇವೆಂಬ ಸಂದೇಹವು ಒಮ್ಮೆ ಮನಸ್ಸಿಗೆ ಬಂದರೆ, ಮೊದಲು ಇಳಿಯುವುದನ್ನು ನಿಲ್ಲಿಸಿ ನಿರ್ಭಯವಾದ ಎತ್ತರಕ್ಕೆ ಏರಬೇಕು. ಯೋಚಿಸುವುದೂ ಹುಡುಕುವುದೂ ಯಂತ್ರವನ್ನು ತಿದ್ದುವುದೂ ಆಮೇಲೆ. ಕಾಲಿಯ ಚಾಲಕರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು, ಇಳಿಯುತ್ತಲೇ ಕೇಳಿದರು.

ನಮ್ಮ ದೇಶದಲ್ಲಿ ವಿಮಾನ ನಡೆಸುವವರಲ್ಲಿ ಸ್ತ್ರೀಯರ ಪ್ರಮಾಣವು ಲೋಕದ ಸರಾಸರಿಗಿಂತ ಹೆಚ್ಚಾಗಿದೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಮುಂದೆ ಆ ಪೀಠದಲ್ಲಿ ಕುಳಿತರೆ ಆಶ್ಚರ್ಯವಿಲ್ಲ. ಕುಳಿತುಕೊಳ್ಳದವರಿಗೂ ಈ ಮಾತು ಹೊರಗಿನದಲ್ಲ. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣವನ್ನು ಬರೆಯುವ ದಾದಿಗೂ, ಬ್ಯಾಂಕಿನಲ್ಲಿ ಲೆಕ್ಕವನ್ನು ತುಂಬುವ ಗುಮಾಸ್ತೆಗೂ, ಅಂಕಪಟ್ಟಿಯನ್ನು ಬರೆಯುವ ಉಪಾಧ್ಯಾಯಿನಿಗೂ ಇಂದು ಯಂತ್ರವೇ ಜತೆಗಾರ. ತಾನು ಒತ್ತಿದುದನ್ನು ಮತ್ತೊಮ್ಮೆ ಓದುವ ತಾಳ್ಮೆಯೂ, ಪಕ್ಕದವರಿಗೆ ತೋರಿಸುವ ವಿನಯವೂ, ದೊಡ್ಡವರ ಕೆಲಸದಲ್ಲಿ ತಪ್ಪು ಕಂಡರೆ ಮರ್ಯಾದೆಯಿಂದ ಕೇಳುವ ಧೈರ್ಯವೂ ಯಾವ ಯಂತ್ರದಲ್ಲಿಯೂ ಸಿಕ್ಕುವುದಿಲ್ಲ. ಇವನ್ನು ಶಾಲೆಯಲ್ಲಿ, ಚಿಕ್ಕ ಚಿಕ್ಕ ಲೆಕ್ಕಗಳಲ್ಲಿ, ಈಗಲೇ ಅಭ್ಯಾಸ ಮಾಡತಕ್ಕದ್ದು.